‘ಇಂಗ್’ ಕಲಿಯಲು ಮೂರು ತಿಂಗಳು: ಮಹಾಲಕ್ಷ್ಮಿ ಲೇಔಟಿನ ಒಂದು ಸಂಜೆ ಕ್ಲಾಸು

ಮೊದಲು ಒಂದು ಇ-ಮೇಲ್ ವಿಷಯ ಹೇಳಿಬಿಡುತ್ತೇನೆ. ಅದು ನಡೆಯದಿದ್ದರೆ ನಾನು ಈ ಇಂಗ್ಲಿಷ್ ಕ್ಲಾಸಿಗೆ ಸೇರುತ್ತಲೇ ಇರಲಿಲ್ಲ.

ಪೀಣ್ಯ ಎರಡನೇ ಹಂತದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ನಾನು ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ಬುಷ್, ಪಿನ್ನು, ಸ್ಪೇಸರ್ ಮಾಡುವ ಕಡೆ. ಡಿಸಿ (ಡೆಲಿವರಿ ಚಲನ್) ಬರೆಯುವುದು, ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ ಹಾಕುವುದು, ಲಾರಿಯವರ ಬೆನ್ನು ಹತ್ತುವುದು, ಕಸ್ಟಮರಿಗೆ ಮೇಲ್ ಮಾಡುವುದು ನನ್ನ ಕೆಲಸ. ಮೇ ತಿಂಗಳಲ್ಲಿ ಪುಣೆಗೆ ಹೊರಟ ಒಂದು ಲೋಡು ತುಮಕೂರು ದಾಟುವಾಗ ಜೋರು ಮಳೆ ಬಂತು. ಟಾರ್ಪಾಲು ಹರಿದಿದೆ ಅಂತ ಡ್ರೈವರ್ ಫೋನ್ ಮಾಡಿದರು. ಗಾಡಿ ಸೈಡಿಗೆ ಹಾಕಿಸಿ, ಪೆಟ್ಟಿಗೆಗಳನ್ನು ಒಂದೊಂದಾಗಿ ನೋಡಿಸಿದೆ. ಒಂದಕ್ಕೂ ನೀರು ತಾಗಿರಲಿಲ್ಲ. ಈ ಒಳ್ಳೆ ಸುದ್ದಿಯನ್ನು ಕಸ್ಟಮರಿಗೆ ನಾನೇ ಬರೆದೆ. ಮೊದಲ ಸಾಲು ಹೀಗಿತ್ತು: ‘ವಿ ಸ್ಟಾಪ್ಡ್ ಚೆಕಿಂಗ್ ದ ಮೆಟೀರಿಯಲ್.’

ಚೆಕ್ ಮಾಡಲು ನಿಲ್ಲಿಸಿದೆವು ಅಂತ ನನ್ನ ಮನಸ್ಸಿನಲ್ಲಿ. ಚೆಕ್ ಮಾಡುವುದನ್ನೇ ನಿಲ್ಲಿಸಿಬಿಟ್ಟಿದ್ದೇವೆ ಅಂತ ಅವರು ಓದಿದರು. ಹತ್ತೇ ನಿಮಿಷಕ್ಕೆ ಅವರ ಕ್ವಾಲಿಟಿ ಕಡೆಯಿಂದ ನಮ್ಮ ಓನರಿಗೆ ಫೋನು. ಆ ಲಾಟು ಅಲ್ಲಿ ಹೋಲ್ಡ್ ಆಯಿತು. ಎಲ್ಲಾ ಇನ್‌ಸ್ಪೆಕ್ಷನ್ ರಿಪೋರ್ಟ್ ಮತ್ತೆ ಕಳಿಸಬೇಕಾಯಿತು. ಪೇಮೆಂಟು ಮೂರು ವಾರ ತಡವಾಯಿತು. ಓನರ್ ಬೈಯಲಿಲ್ಲ. ‘ಅಮ್ಮಾ, ಇನ್ಮೇಲೆ ಮೇಲ್ ಕಳಿಸೋ ಮುಂಚೆ ನಂಗೊಂದ್ಸಲ ತೋರಿಸಿ’ ಅಂದರು, ಅಷ್ಟೇ. ಹನ್ನೆರಡು ವರ್ಷದಿಂದ ಆ ಕುರ್ಚಿಯಲ್ಲಿ ಕೂತವಳಿಗೆ ಆ ಮಾತು ತಡೆದುಕೊಳ್ಳುವುದು ಕಷ್ಟವಾಯಿತು.

ನಾನು ಓದಿದ್ದು ಕುಣಿಗಲ್ ಕಡೆಯ ಸರ್ಕಾರಿ ಶಾಲೆಯಲ್ಲಿ. ಐದನೇ ಕ್ಲಾಸಿನಲ್ಲಿ ಎಬಿಸಿಡಿ. ಆಮೇಲೆ ಬಿಕಾಂ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಬರೆಯುವಾಗ ಕೈ ತಡೆಯುತ್ತದೆ. ಹಿಂದೆ ಒಂದು ದೊಡ್ಡ ಸ್ಪೋಕನ್ ಇಂಗ್ಲಿಷ್ ಸೆಂಟರಿಗೆ 8,500 ರೂಪಾಯಿ ಕಟ್ಟಿದ್ದೆ. ಎಸಿ ರೂಮು, ಟಿವಿ ಪರದೆ, ಒಳಗೆ ಕನ್ನಡ ಮಾತಾಡಿದರೆ ಹತ್ತು ರೂಪಾಯಿ ದಂಡ. ಅಲ್ಲಿ ಮೂವತ್ತು ದಿನ ‘ಗುಡ್ ಈವ್ನಿಂಗ್, ಮೈ ಸೆಲ್ಫ್’ ಅಂತ ಎದ್ದು ನಿಂತಿದ್ದೇ ಬಂತು. ಎಲ್ಲಿ ತಪ್ಪುತ್ತಿದ್ದೇನೆ ಅಂತ ಒಬ್ಬರೂ ಹೇಳಲಿಲ್ಲ. ಫೋನಿನ ಆ್ಯಪ್ ಒಂದು ಹಾಕಿಕೊಂಡೆ. ಅದು ತಪ್ಪು ಅಂತ ಕೆಂಪು ತೋರಿಸುತ್ತದೆ. ಯಾಕೆ ತಪ್ಪು ಅಂತ ಕೇಳಿದರೆ ಅದರ ಹತ್ತಿರ ಉತ್ತರವಿಲ್ಲ.

ಈ ಕ್ಲಾಸು ಹೇಳಿದ್ದು ನಮ್ಮ ಆಫೀಸಿನಲ್ಲಿ ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಹುಡುಗಿ. ಮಹಾಲಕ್ಷ್ಮಿ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದು ಎಂಟು ನಿಮಿಷ ನಡೆಯಬೇಕು. ಕೆಳಗೆ ಮೆಡಿಕಲ್ ಸ್ಟೋರು, ಮೇಲೆ ಮೇಷ್ಟ್ರ ಮನೆ, ಮನೆಯ ಮುಂದಿನ ಕೋಣೆಯಲ್ಲಿ ಕ್ಲಾಸು. ಬೋರ್ಡು ಇಲ್ಲ, ಹೆಸರೂ ಇಲ್ಲ. ಮೇಷ್ಟ್ರಿಗೆ ಹೆಸರು ಎಲ್ಲೂ ಹಾಕುವುದು ಇಷ್ಟವಿಲ್ಲ, ಹಾಗಾಗಿ ನಾನೂ ಬರೆಯುವುದಿಲ್ಲ. ಸರ್ಕಾರಿ ಹೈಸ್ಕೂಲಿನಲ್ಲಿ ಪಾಠ ಮಾಡಿ ರಿಟೈರ್ ಆದವರು. ಕೆಲಸದಲ್ಲಿದ್ದಾಗ ಜ್ಞಾನಭಾರತಿಯ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ತರಬೇತಿ ಪಡೆದಿದ್ದರಂತೆ. ಮಂಗಳವಾರ, ಗುರುವಾರ ಸಂಜೆ ಏಳರಿಂದ ಎಂಟೂಕಾಲು, ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಒಂದು. ತಿಂಗಳಿಗೆ 1,200 ರೂಪಾಯಿ.

ಮೊದಲ ದಿನ ನನ್ನ ಮೇಲನ್ನು ತೋರಿಸಿದೆ. ಓದಿ, ನಗಲಿಲ್ಲ. ಬೋರ್ಡಿನ ಮೇಲೆ ಕನ್ನಡದಲ್ಲಿ ಎರಡು ಸಾಲು ಬರೆದರು. ‘ಚೆಕ್ ಮಾಡಲು ನಿಲ್ಲಿಸಿದೆವು.’ ‘ಚೆಕ್ ಮಾಡುವುದನ್ನು ನಿಲ್ಲಿಸಿದೆವು.’ ಎರಡೂ ಒಂದೇನಾ ಅಂತ ಕೇಳಿದರು. ಅದು ಹೇಗೆ ಒಂದಾಗುತ್ತದೆ ಸರ್, ಎರಡೂ ಬೇರೆ ಬೇರೆ ಅಲ್ವಾ ಅಂದೆ. ‘ನೋಡಮ್ಮ, ಈ ವ್ಯತ್ಯಾಸ ನಿನಗೆ ಆಗಲೇ ಗೊತ್ತಿದೆ. ಮಾಡಲು ಅನ್ನೋ ಕಡೆ ಟು ಚೆಕ್. ಮಾಡುವುದನ್ನು ಅನ್ನೋ ಕಡೆ ಚೆಕಿಂಗ್’ ಅಂದರು. ಮಗ್ಗುಲಲ್ಲೇ ‘ಸ್ಟಾಪ್ಡ್ ಟು ಚೆಕ್’, ‘ಸ್ಟಾಪ್ಡ್ ಚೆಕಿಂಗ್’ ಅಂತ ಬರೆದರು. ನಾನು ಆ ನಾಲ್ಕು ಸಾಲನ್ನು ನೋಡುತ್ತಲೇ ಕೂತಿದ್ದೆ. ಇಷ್ಟು ವರ್ಷ ಕನ್ನಡದಲ್ಲಿ ಯೋಚಿಸುತ್ತೀಯಾ, ಅದಕ್ಕೇ ನಿನಗೆ ಇಂಗ್ಲಿಷ್ ಬರಲ್ಲ ಅಂತ ಬೈಸಿಕೊಂಡವಳು ನಾನು. ಇಲ್ಲಿ ಒಬ್ಬರು ಅದೇ ಕನ್ನಡ ಹಿಡಿದು ಇಂಗ್ಲಿಷ್ ತೋರಿಸುತ್ತಿದ್ದರು.

ಮೂರು ತಿಂಗಳ ಪಾಠವೆಲ್ಲ ಈ ‘ಇಂಗ್’ ಸುತ್ತಲೇ. ಹೈಸ್ಕೂಲಿನಲ್ಲಿ ಕೃದಂತ ಭಾವನಾಮ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಓಟ, ನೋಟ, ಮಾಡುವಿಕೆ ಅಂತ, ಇಂಗ್ಲಿಷಿನ ಜೆರಂಡ್ ಕೂಡ ಅದೇ ಮನೆಯದು ಅನ್ನುತ್ತಾರೆ ಮೇಷ್ಟ್ರು. ಕ್ರಿಯೆಯೇ ಹೆಸರಾಗಿ ನಿಲ್ಲುವುದು. ಮನೆಗಳ ಗೇಟಿನ ಮೇಲಿನ ‘ನೋ ಪಾರ್ಕಿಂಗ್’ ಜೆರಂಡೇ. ಗಾಡಿ ನಿಲ್ಲಿಸುವುದು ಬೇಡ ಅಂತ. ‘ಹಿ ಈಸ್ ಪಾರ್ಕಿಂಗ್’ ಅಂದರೆ ಮಾತ್ರ ಈಗ ನಿಲ್ಲಿಸುತ್ತಿದ್ದಾನೆ ಅಂತ. ‘ಉತ್ತ’ ಬಂದರೆ ಕಂಟಿನ್ಯುಯಸ್, ‘ಉವುದು’ ಬಂದರೆ ಜೆರಂಡ್ ಅಂತ ಮೊದಲ ವಾರ ಬರೆದುಕೊಂಡೆವು. ಪಿಯುಸಿ ಹುಡುಗಿಯೊಬ್ಬಳು ತಕ್ಷಣ ಕೇಳಿದಳು: ‘ಸರ್, ಮೈ ಹಾಬಿ ಈಸ್ ರೀಡಿಂಗ್ ಅಂತೀವಲ್ಲ, ಅಲ್ಲಿ ಈಸ್ ಇದೆ, ಇಂಗೂ ಇದೆ. ಅದು ಕಂಟಿನ್ಯುಯಸ್ಸಾ?’ ಮೇಷ್ಟ್ರಿಗೆ ಆ ಪ್ರಶ್ನೆ ಕೇಳಿ ಖುಷಿಯಾಯಿತು. ಹಾಬಿ ಕೂತು ಪುಸ್ತಕ ಓದುತ್ತಿದೆಯಾ ಅಂತ ಕೇಳಿದರು. ಇಲ್ಲ ಸರ್, ಓದುವುದೇ ಹಾಬಿ ಅಂದಳು. ‘ಹಂಗಾದ್ರೆ ಉತ್ತರ ನೀನೇ ಹೇಳಿದೆ.’

ನಮ್ಮ ಬ್ಯಾಚಿನಲ್ಲಿ ಒಂಬತ್ತು ಜನ. ಕ್ಯಾಬ್ ಓಡಿಸುವ ಒಬ್ಬ ತಮ್ಮ, ಒಬ್ಬರು ನರ್ಸ್, ಹಾಸನದ ಕಡೆಯಿಂದ ಬಂದು ಬೇಕರಿ ಇಟ್ಟ ಒಬ್ಬ ಅಣ್ಣ, ಇಬ್ಬರು ಪಿಯುಸಿ ಹುಡುಗಿಯರು, ಉಳಿದವರು ನನ್ನಂಥವರು. ಪಾಠದ ಪುಸ್ತಕ ಇಲ್ಲ. ನಾವು ದಿನಾ ಆಡುವ ವಾಕ್ಯವೇ ಪಾಠ.

ಕನ್ನಡದ ‘ಉತ್ತಿದ್ದೇನೆ’ ಎಷ್ಟು ಕಡೆ ಓಡಾಡುತ್ತದೆ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಈಗ ಊಟ ಮಾಡುತ್ತಿದ್ದೇನೆ. 2013ರಿಂದ ಕೆಲಸ ಮಾಡುತ್ತಿದ್ದೇನೆ. ನೀವು ಹೇಳಿದ್ದು ಅರ್ಥವಾಗುತ್ತಿಲ್ಲ. ನಾವು ಮೂರಕ್ಕೂ ಒಂದೇ ಅಚ್ಚು ಹಾಕುತ್ತೇವೆ. ಇಂಗ್ಲಿಷಿನವರು ಮೂರನ್ನೂ ಬೇರೆ ಬೇರೆ ಮಾಡುತ್ತಾರೆ. ಮೊದಲನೆಯದಕ್ಕೆ ‘ಐ ಆಮ್ ಈಟಿಂಗ್’ ಸರಿ. ಎರಡನೆಯದು ‘ಐ ಆಮ್ ವರ್ಕಿಂಗ್ ಸಿನ್ಸ್ 2013’ ಅಲ್ಲ, ‘ಐ ಹ್ಯಾವ್ ಬೀನ್ ವರ್ಕಿಂಗ್ ಸಿನ್ಸ್ 2013’. ಆವಾಗಿನಿಂದ ಈವತ್ತಿನವರೆಗೆ ಎಳೆದುಕೊಂಡು ಬಂದ ಕೆಲಸಕ್ಕೆ ಆ ‘ಹ್ಯಾವ್ ಬೀನ್’ ಬೇಕು. ಮೂರನೆಯದು ‘ಐ ಆಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್’ ಅಲ್ಲ, ಬರೀ ‘ಐ ಡೋಂಟ್ ಅಂಡರ್‌ಸ್ಟ್ಯಾಂಡ್’.

ಯಾವುದಕ್ಕೆ ‘ಇಂಗ್’ ಹಾಕಬಾರದು ಅಂತ ತಿಳಿಯಲು ಮೇಷ್ಟ್ರು ಒಂದು ಪರೀಕ್ಷೆ ಕೊಟ್ಟಿದ್ದಾರೆ. ಆ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಬಹುದಾ ಅಂತ ಕೇಳಿಕೊಳ್ಳಬೇಕು. ತಿಂಡಿ ತಿನ್ನುವುದನ್ನು ಅರ್ಧಕ್ಕೆ ನಿಲ್ಲಿಸಬಹುದು. ಹಾಗಾಗಿ ‘ಐ ಆಮ್ ಹ್ಯಾವಿಂಗ್ ಬ್ರೇಕ್‌ಫಾಸ್ಟ್’ ನಡೆಯುತ್ತದೆ. ತಂಗಿ ಇರುವುದನ್ನು ಅರ್ಧಕ್ಕೆ ನಿಲ್ಲಿಸಲು ಆಗುವುದಿಲ್ಲ. ಅಲ್ಲಿ ‘ಐ ಹ್ಯಾವ್ ಅ ಸಿಸ್ಟರ್’ ಮಾತ್ರ. ನೋ (ಗೊತ್ತಿರುವುದು), ಬಿಲೀವ್, ಓನ್, ಬಿಲಾಂಗ್, ಕನ್‌ಟೇನ್, ಇವೆಲ್ಲ ತಂಗಿಯ ಕಡೆಯವು. ‘ವಿ ಆರ್ ಹ್ಯಾವಿಂಗ್ ಸ್ಟಾಕ್’ ಅಂತ ನಾನು ಸಾವಿರ ಸಲ ಬರೆದಿದ್ದೇನೆ. ಈಗ ‘ವಿ ಹ್ಯಾವ್ 400 ನಂಬರ್ಸ್ ಇನ್ ಸ್ಟಾಕ್’ ಅಂತ ಬರೆಯುತ್ತೇನೆ. ಈ ಪರೀಕ್ಷೆ ನೂರಕ್ಕೆ ನೂರು ಕೆಲಸ ಮಾಡುವುದಿಲ್ಲ ಅಂತ ಮೇಷ್ಟ್ರೇ ಹೇಳುತ್ತಾರೆ. ‘ಐ ಥಿಂಕ್’ ಅಂದರೆ ನನ್ನ ಅಭಿಪ್ರಾಯ, ‘ಐ ಆಮ್ ಥಿಂಕಿಂಗ್’ ಅಂದರೆ ತಲೆ ಓಡುತ್ತಿದೆ. ಒಂದೇ ಶಬ್ದ ಎರಡೂ ಕಡೆ ಕೂರುತ್ತದೆ. ಇನ್ನೊಂದು ಮಾತೂ ಹೇಳಿದರು. ‘ಐ ಆಮ್ ಹ್ಯಾವಿಂಗ್ ಅ ಡೌಟ್’ ಅಂದವರನ್ನು ನೋಡಿ ಯಾರೂ ನಗಬೇಡಿ, ನಮ್ಮಲ್ಲಿ ಅದು ಎಲ್ಲರಿಗೂ ತಿಳಿಯುತ್ತದೆ. ಹೊರಗಿನವರಿಗೆ ಬರೆಯುವಾಗ ತಿದ್ದಿಕೊಂಡರೆ ಸಾಕು.

ನನಗೆ ತುಂಬಾ ಹಿಡಿಸಿದ ಪಾಠ ಇದರ ಉಲ್ಟಾ. ನಾವು ‘ಉತ್ತ’ ಹಾಕದ ಕಡೆ ಇಂಗ್ಲಿಷಿನವರು ‘ಇಂಗ್’ ಹಾಕುತ್ತಾರೆ. ನರ್ಸ್ ಅಕ್ಕ ಒಂದು ದಿನ ‘ಪೇಷಂಟ್ ಈಸ್ ಸ್ಲೆಪ್ಟ್’ ಅಂದರು. ಯಾಕೆ ಹಾಗೆ ಅಂದಿರಿ ಅಂತ ಮೇಷ್ಟ್ರು ಕೇಳಿದರು. ಅವರಿಗೂ ಗೊತ್ತಿಲ್ಲ. ಕನ್ನಡದಲ್ಲಿ ಹೇಳಿ ಅಂದರು. ‘ಪೇಷಂಟ್ ಮಲಗಿದ್ದಾರೆ.’ ಆಗ ಎಲ್ಲರಿಗೂ ಹೊಳೆಯಿತು. ನಾವು ಮಲಗುತ್ತಿದ್ದಾರೆ ಅನ್ನುವುದಿಲ್ಲ. ಹಾಗಂದರೆ ಹಾಸಿಗೆ ಹಾಸಿಕೊಂಡು ಈಗ ಒರಗುತ್ತಿದ್ದಾರೆ ಅಂತ. ಮಲಗಿದ್ದಾರೆ, ಕೂತಿದ್ದಾರೆ, ನಿಂತಿದ್ದಾರೆ, ಸೀರೆ ಉಟ್ಟಿದ್ದಾರೆ, ಕನ್ನಡಕ ಹಾಕಿಕೊಂಡಿದ್ದಾರೆ. ನಮಗೆ ಇವೆಲ್ಲ ಆಗಿಹೋದ ಕೆಲಸ, ಆದದ್ದು ಹಾಗೇ ಉಳಿದಿದೆ. ಅವರಿಗೆ ಇನ್ನೂ ನಡೆಯುತ್ತಿರುವ ಸಂಗತಿ: ಸ್ಲೀಪಿಂಗ್, ಸಿಟಿಂಗ್, ಸ್ಟ್ಯಾಂಡಿಂಗ್, ವೇರಿಂಗ್. ಕ್ಯಾಬ್ ತಮ್ಮ ಕಸ್ಟಮರಿಗೆ ದಿನಾ ಹೇಳುವ ‘ಐ ಆಮ್ ಸ್ಟ್ಯಾಂಡಿಂಗ್ ನಿಯರ್ ದ ಗೇಟ್’ ಪಕ್ಕಾ ಸರಿಯಾದ ವಾಕ್ಯ ಅಂತ ಮೇಷ್ಟ್ರು ಅಂದಾಗ ಅವನ ಮುಖ ನೋಡಬೇಕಿತ್ತು. ಆ ಗುರುವಾರ ಮನೆಗೆ ಹೋಗುವಾಗ ಮೆಟ್ರೋದಲ್ಲಿ ಎದುರಿಗಿದ್ದವರನ್ನೆಲ್ಲ ಮನಸ್ಸಿನಲ್ಲೇ ಹೇಳಿಕೊಂಡು ಹೋದೆ. ಅಜ್ಜಿ ಸಿಟಿಂಗ್. ಹುಡುಗ ಸ್ಟ್ಯಾಂಡಿಂಗ್, ನೀಲಿ ಶರಟು ವೇರಿಂಗ್.

ಬೇಕರಿ ಅಣ್ಣನ ವಾಕ್ಯಕ್ಕೆ ಒಂದು ಇಡೀ ಭಾನುವಾರ ಹಿಡಿಯಿತು. ‘ಊರಲ್ಲಿದ್ದಾಗ ನಾಲ್ಕಕ್ಕೇ ಏಳುತ್ತಿದ್ದೆ’ ಅನ್ನಲು ಅವರು ‘ಐ ವಾಸ್ ಗೆಟಿಂಗ್ ಅಪ್ ಅಟ್ ಫೋರ್’ ಅಂದಿದ್ದರು. ಹಿಂದಿನ ಅಭ್ಯಾಸಕ್ಕೆ ‘ಐ ಯೂಸ್ಡ್ ಟು ಗೆಟ್ ಅಪ್ ಅಟ್ ಫೋರ್’. ಈಗ ನನಗೆ ನಾಲ್ಕಕ್ಕೆ ಏಳುವುದು ಅಭ್ಯಾಸವಾಗಿಬಿಟ್ಟಿದೆ ಅನ್ನಲು ‘ಐ ಆಮ್ ಯೂಸ್ಡ್ ಟು ಗೆಟಿಂಗ್ ಅಪ್ ಅಟ್ ಫೋರ್’. ಎರಡರಲ್ಲೂ ‘ಟು’ ಇದೆ, ಒಂದರಲ್ಲಿ ಮಾತ್ರ ‘ಇಂಗ್’. ಇದು ಹೇಗೆ ಸರ್? ಆ ‘ಟು’ ಮುಂದೆ ಒಂದು ಹೆಸರುಪದ ಇಟ್ಟು ನೋಡಿ ಅಂದರು. ‘ಐ ಆಮ್ ಯೂಸ್ಡ್ ಟು ದ ಹೀಟ್’ ಕೂರುತ್ತದೆ. ಅಂದರೆ ಈ ‘ಟು’ ನಮ್ಮ ‘ಗೆ’, ‘ಕ್ಕೆ’ ಇದ್ದ ಹಾಗೆ, ಅದರ ಮುಂದೆ ಕ್ರಿಯೆ ಬಂದರೆ ‘ಇಂಗ್’ ಹಾಕಿಕೊಂಡೇ ಬರಬೇಕು. ನನ್ನ ಇ-ಮೇಲ್‌ಗಳ ಕೊನೆ ಸಾಲು ನೆನಪಾಯಿತು. ‘ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು’ ಅಂತ ಇಷ್ಟು ವರ್ಷ ಹಾಕಿದ್ದೆ. ಮನಸ್ಸಿನಲ್ಲೇ ‘ಲುಕಿಂಗ್ ಫಾರ್ವರ್ಡ್ ಟು ಯುವರ್ ರಿಪ್ಲೈ’ ಅಂದು ನೋಡಿದೆ. ಕೂತಿತು. ಮಾರನೆಯ ದಿನ ಬೆಳಗ್ಗೆ ಆಫೀಸಿಗೆ ಹೋದವಳೇ ಸಿಗ್ನೇಚರ್ ತೆರೆದು ‘ಹಿಯರ್’ ಅನ್ನು ‘ಹಿಯರಿಂಗ್’ ಮಾಡಿದೆ.

‘ಬಿಫೋರ್ ಲೋಡಿಂಗ್’, ‘ವಿದೌಟ್ ಇನ್‌ಫಾರ್ಮಿಂಗ್’, ‘ಥ್ಯಾಂಕ್ಯೂ ಫಾರ್ ಕಮಿಂಗ್’ ಇವೂ ಅದೇ ಲೆಕ್ಕದವು. ಅಲ್ಲಿ ನನಗೆ ತೊಂದರೆಯಾಗಲಿಲ್ಲ.

ಕೆಲಸಕ್ಕೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ‘ಬೀಯಿಂಗ್’. ನಾನು ‘ಮೆಟೀರಿಯಲ್ ಈಸ್ ಪ್ಯಾಕಿಂಗ್’ ಅಂತ ಬರೆಯುತ್ತಿದ್ದೆ. ಮೆಟೀರಿಯಲ್ ತಾನೇ ಕೂತು ಪ್ಯಾಕ್ ಮಾಡುತ್ತಿದೆಯಾ ಅಂತ ಮೇಷ್ಟ್ರು ಕೇಳಿದರು. ಇಲ್ಲ, ಪ್ಯಾಕ್ ಆಗುತ್ತಿದೆ. ‘ಆ ಆಗು ಇದೆಯಲ್ಲ, ಅದಕ್ಕೆ ಬೀಯಿಂಗ್ ಹಾಕು.’ ಮೆಟೀರಿಯಲ್ ಈಸ್ ಬೀಯಿಂಗ್ ಪ್ಯಾಕ್ಡ್. ವೆಹಿಕಲ್ ಈಸ್ ಬೀಯಿಂಗ್ ಲೋಡೆಡ್. ಮಳೆ ಆಗುತ್ತಿದೆ ಅನ್ನುವಲ್ಲಿ ಮಾತ್ರ ಇದನ್ನು ಹಾಕಲು ಹೋಗಬೇಡಿ, ಮಾಡುವವರು ಒಬ್ಬರಿದ್ದು ನಾವು ಅವರ ಹೆಸರು ಹೇಳದಿದ್ದಾಗ ಮಾತ್ರ ಅಂತ ಎಚ್ಚರಿಸಿದರು.

ಈಗ ಕ್ಲಾಸಿನ ಕೊರತೆಗಳನ್ನೂ ಹೇಳಬೇಕು. ಕನ್ನಡದ ಸಹಾಯ ಎಲ್ಲ ಕಡೆ ಸಿಗುವುದಿಲ್ಲ. ‘ಟ್ರೇನಿನಲ್ಲಿ ಹೋಗಲು ಸೂಚಿಸಿದರು’ ಅನ್ನುತ್ತೇವೆ ಅಂತ ‘ಸಜೆಸ್ಟೆಡ್ ಟು ಗೋ’ ಬರೆದರೆ ತಪ್ಪು, ‘ಸಜೆಸ್ಟೆಡ್ ಗೋಯಿಂಗ್’ ಆಗಬೇಕು. ‘ಬರಲು ಅಭ್ಯಂತರವಿಲ್ಲ’ ಅಂದರೂ ‘ಡೋಂಟ್ ಮೈಂಡ್ ಕಮಿಂಗ್’. ಎಂಜಾಯ್, ಅವಾಯ್ಡ್, ಫಿನಿಶ್, ಕನ್ಸಿಡರ್, ಪೋಸ್ಟ್‌ಪೋನ್, ಇವುಗಳ ಮುಂದೆ ‘ಇಂಗ್’. ವಾಂಟ್, ಡಿಸೈಡ್, ಅಗ್ರೀ, ರೆಫ್ಯೂಸ್, ಪ್ರಾಮಿಸ್, ಇವುಗಳ ಮುಂದೆ ‘ಟು’. ಇಲ್ಲಿ ಬಾಯಿಪಾಠವೇ ಗತಿ. ಈ ಪಟ್ಟಿಯನ್ನು ಮೇಷ್ಟ್ರು ಮೊದಲ ವಾರವೇ ಕೊಡಬೇಕಿತ್ತು. ಕೊಟ್ಟಿದ್ದು ಏಳನೇ ವಾರ. ಅಷ್ಟರಲ್ಲಿ ನಾನು ಎಲ್ಲದಕ್ಕೂ ಕನ್ನಡ ಹಚ್ಚಿ ನಾಲ್ಕಾರು ತಪ್ಪು ಮಾಡಿದ್ದೆ. ಆ ಪಟ್ಟಿ ಈಗ ನನ್ನ ಮಾನಿಟರ್ ಕೆಳಗೆ ಅಂಟಿಸಿಕೊಂಡಿದ್ದೇನೆ. ರಿಮೆಂಬರ್ ಮಾತ್ರ ಎರಡೂ ಕಡೆ ಬರುತ್ತದೆ, ಅಲ್ಲಿ ಮತ್ತೆ ಕನ್ನಡವೇ ಕೈ ಹಿಡಿಯುತ್ತದೆ. ‘ರಿಮೆಂಬರ್ ಟು ಲಾಕ್’ ಅಂದರೆ ಬೀಗ ಹಾಕಲು ನೆನಪಿಟ್ಟುಕೋ. ‘ಐ ರಿಮೆಂಬರ್ ಲಾಕಿಂಗ್’ ಅಂದರೆ ಬೀಗ ಹಾಕಿದ್ದು ನೆನಪಿದೆ.

‘ಮೈ ಕಮಿಂಗ್ ಲೇಟ್’ ಅನ್ನಬೇಕೋ ‘ಮಿ ಕಮಿಂಗ್ ಲೇಟ್’ ಅನ್ನಬೇಕೋ ಅಂತ ಎರಡು ಕ್ಲಾಸು ಪೂರ್ತಿ ಹೋಯಿತು. ಬರವಣಿಗೆಗೆ ಮೈ, ಮಾತಿಗೆ ಮಿ ಕೂಡ ನಡೆಯುತ್ತದೆ ಅಂತ ಒಂದು ಮಾತಿನಲ್ಲಿ ಮುಗಿಸಬಹುದಿತ್ತು. ನಮ್ಮಂಥವರಿಗೆ ಅಷ್ಟು ಆಳ ಬೇಕಾಗಿರಲಿಲ್ಲ. ಮಾತಾಡಿಸುವುದೂ ಕಡಿಮೆ. ಇಂಟರ್ವ್ಯೂ ಇದೆ, ಹದಿನೈದು ದಿನದಲ್ಲಿ ಪಟಪಟ ಅಂತ ಮಾತಾಡಬೇಕು ಅನ್ನುವವರಿಗೆ ಈ ಜಾಗ ಸರಿಹೋಗುವುದಿಲ್ಲ. ಆನ್‌ಲೈನ್ ಇಲ್ಲ. ತಪ್ಪಿದ ಕ್ಲಾಸು ತಪ್ಪಿದ ಹಾಗೇ. ಮೆಟ್ಟಿಲು ಕಡಿದು, ಕೈಹಿಡಿ ಒಂದೇ ಕಡೆ, ಮಂಡಿ ನೋವಿದ್ದವರು ಯೋಚಿಸಿ. ಗಾಡಿ ನಿಲ್ಲಿಸಲು ಜಾಗವಿಲ್ಲ. ಜೆರಾಕ್ಸ್ ದುಡ್ಡು ಬೇರೆ.

ಆದರೂ ನಾನು ನಾಲ್ಕನೇ ತಿಂಗಳಿಗೂ ಫೀಸು ಕಟ್ಟಿದ್ದೇನೆ. ಮೇಲ್ ಕಳಿಸುವ ಮೊದಲು ಓನರಿಗೆ ತೋರಿಸುವುದು ಈಗಲೂ ನಡೆದಿದೆ, ಅವರು ನಿಲ್ಲಿಸಿ ಅಂದಿಲ್ಲ, ನಾನೂ ಕೇಳಿಲ್ಲ. ಮೊದಲು ಒಂದು ಮೇಲಿಗೆ ನಾಲ್ಕೈದು ಕಡೆ ಪೆನ್ನು ಆಡಿಸುತ್ತಿದ್ದರು. ಕಳೆದ ವಾರ ಕೊಯಮತ್ತೂರಿನ ಕಸ್ಟಮರಿಗೆ ಬರೆದದ್ದರಲ್ಲಿ ಒಂದು ಕಾಮಾ ಮಾತ್ರ ಹಾಕಿದರು.

ಮುಂದಿನ ಬ್ಯಾಚು ದಸರಾ ಮುಗಿದ ಮೇಲೆ. ಒಂಬತ್ತೇ ಜನ, ಅದಕ್ಕಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ. ಭಾನುವಾರ ಬೆಳಗ್ಗೆ ಹೋಗಿ ಒಂದು ಕ್ಲಾಸು ಸುಮ್ನೆ ಕೂತು ನೋಡಬಹುದು, ಅದಕ್ಕೆ ಫೀಸಿಲ್ಲ. ಹೋಗುವಾಗ ಒಂದು ಲಾಂಗ್ ಬುಕ್ಕು ಒಯ್ಯಿರಿ. ಫೋನಿನಲ್ಲಿ ನೀವೇ ಇಂಗ್ಲಿಷಿನಲ್ಲಿ ಕಳಿಸಿದ ಹತ್ತು ಮೆಸೇಜು ಕೇಳುತ್ತಾರೆ. ಯಾರ ಹತ್ತಿರವೂ ತಿದ್ದಿಸದೆ, ಬರೆದದ್ದನ್ನು ಹಾಗೇ ತೋರಿಸಿ.